ಮೂರಿಂಚು ಸಡಿಲ

ದರ್ಜಿಯ ಬಾಯಿ ಅವನ ಹೊಲಿಗೆ ಯಂತ್ರಕ್ಕಿಂತ ಜೋರಾಗಿ ಓಡುತ್ತಿತ್ತು. ಯಂತ್ರಕ್ಕಾದರೂ ಆಗಾಗ ದಾರ ತುಂಡಾಗುತ್ತಿತ್ತು, ಬಾಯಿಗೆ ಆ ತೊಂದರೆಯೂ ಇರಲಿಲ್ಲ. ತಾನು ಕಣ್ಣಲ್ಲೇ ಅಳತೆ ತೆಗೆಯಬಲ್ಲೆ, ಬೀದಿಯಾಚೆ ನಡೆದುಹೋಗುವವನ ಸೊಂಟವನ್ನು ಕೂದಲೆಳೆಯಷ್ಟೂ ತಪ್ಪದೆ ಹೇಳಬಲ್ಲೆ, ತಾನು ಹೊಲಿದ ಕೋಟು ಹಾಕಿಕೊಂಡರೆ ಗೂನು ಬೆನ್ನೂ ನೆಟ್ಟಗಾಗುತ್ತದೆ ಎಂದೆಲ್ಲ ಹೇಳಿಕೊಳ್ಳುತ್ತಿದ್ದ. ಅರ್ಧ ಊರು ನಂಬಿತ್ತು. ಉಳಿದರ್ಧ ಅವನ ಹತ್ತಿರ ಇನ್ನೂ ಬಟ್ಟೆ ಹೊಲಿಸಿರಲಿಲ್ಲ.

ಹೀಗಿರುವಾಗ ಎಲ್ಲೋ ಎರಡು ದೇಶಗಳು ಒಂದು ಸೇತುವೆಗಾಗಿ ಜಗಳ ತೆಗೆದವು. ಎರಡು ಗಾಡಿ ಎದುರುಬದುರಾದರೆ ಒಂದು ಹಿಂದೆ ಸರಿಯಬೇಕು, ಅಷ್ಟು ಸಣ್ಣ ಸೇತುವೆ. ಮೊದಲನೆಯ ದೇಶಕ್ಕೆ ಮೂರನೆಯದು ಮಾತು ಕೊಟ್ಟಿತ್ತು, ಎರಡನೆಯದಕ್ಕೆ ನಾಲ್ಕನೆಯದು, ನಾಲ್ಕನೆಯದಕ್ಕೆ ದರ್ಜಿಯ ದೇಶ. ಹತ್ತೇ ದಿನದಲ್ಲಿ ಅರ್ಧ ಭೂಮಂಡಲ ತೋಳೇರಿಸಿ ನಿಂತಿತು. ಆ ಸೇತುವೆಯನ್ನು ನಕ್ಷೆಯಲ್ಲಿ ತೋರಿಸಬಲ್ಲವರು ಬೀದಿಯಲ್ಲಿ ಒಬ್ಬರೂ ಇರಲಿಲ್ಲ, ಆದರೆ ಅದನ್ನು ಬಿಟ್ಟುಕೊಡಬಾರದು ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು.

ದರ್ಜಿಯ ಅಂಗಡಿ ರಾತ್ರೋರಾತ್ರಿ ಸೇನಾ ಕಚೇರಿಯಾಯಿತು ಎಂದರೆ ತಪ್ಪಿಲ್ಲ. ಪತ್ರಿಕೆಯನ್ನು ಅವನೇ ಗಟ್ಟಿಯಾಗಿ ಓದುತ್ತಿದ್ದ, ಅದರಲ್ಲಿಲ್ಲದ ಎರಡು ಗೆಲುವುಗಳನ್ನೂ ಸೇರಿಸುತ್ತಿದ್ದ. ಅಂಗಿಯ ಗುಂಡಿ ಸಡಿಲವಾಗುವ ಮೊದಲೇ ಯುದ್ಧ ಮುಗಿದಿರುತ್ತದೆ ಎಂದು ಸಾರುತ್ತಿದ್ದ. ಇಷ್ಟೆಲ್ಲ ಕೇಳುತ್ತ ಮೂಲೆಯಲ್ಲಿ ಅವನ ಬಾಮೈದ ಕೂತಿರುತ್ತಿದ್ದ. ಗಡಿಯಾರ ರಿಪೇರಿ ಅವನ ಕಸುಬು. ಮೈ ಎಷ್ಟು ಸಣಕಲೆಂದರೆ ಬೀದಿಯವರು ಅವನನ್ನು 'ಸೆಕೆಂಡ್ ಮುಳ್ಳು' ಎಂದೇ ಕರೆಯುತ್ತಿದ್ದರು. ಅಡ್ಡ ನಿಂತರೆ ಕಾಣುತ್ತಿರಲಿಲ್ಲ, ಕೆಮ್ಮಿದರೆ ಮಾತ್ರ ಇದ್ದಾನೆಂದು ತಿಳಿಯುತ್ತಿತ್ತು.

"ಏನೋ ಮುಳ್ಳು, ಎಲ್ಲರೂ ಹೊರಟ್ರು. ನೀನು ಇಲ್ಲೇ ಕೂತು ಟಿಕ್ ಟಿಕ್ ಅಂತಿರ್ತೀಯಾ?" ಎಂದು ದರ್ಜಿ ದಿನವೂ ಎಲ್ಲರೆದುರು ಕೇಳುತ್ತಿದ್ದ. ಅಂಗಡಿ ನಗುತ್ತಿತ್ತು. ಒಂದು ದಿನ ಬಾಮೈದನೂ ನಕ್ಕ. ಮರುದಿನ ಹೋಗಿ ಹೆಸರು ಬರೆಸಿದ.

ದರ್ಜಿಯ ಹೆಂಡತಿ ಹೆದರಲಿಲ್ಲ. ಅವ್ವ ಸತ್ತ ಮೇಲೆ ತಮ್ಮನನ್ನು ಸಾಕಿದವಳು ಅವಳು, ಅವನ ಅಂಗಿಗಳನ್ನೆಲ್ಲ ಹೊಲಿದವಳೂ ಅವಳೇ. ಸೈನ್ಯಕ್ಕೆ ಎದೆ ಮೂವತ್ತೆರಡಿಂಚು ಇರಬೇಕಿತ್ತು, ತಮ್ಮನದು ಬರೀ ಮೂವತ್ತು. ಹೋಗಿ ಮುಖ ತೋರಿಸಿ ಬರಲಿ, ಚುಚ್ಚುವವರ ಬಾಯಿಯೂ ಮುಚ್ಚುತ್ತದೆ, ಟೇಪೇ ಅವನನ್ನು ಮನೆಗೆ ವಾಪಸ್ಸು ಕಳಿಸುತ್ತದೆ ಎಂದು ಲೆಕ್ಕ ಹಾಕಿದ್ದಳು. ಅದರ ಮೇಲೆ ಗಂಡನಿಗೆ ಹೇಳಿಯೂ ಇದ್ದಳು: "ಹೇಗೂ ಅಳೆಯೋರು ನೀವೇ. ಸರಿಯಾಗಿ ಅಳೀರಿ."

ಅಳೆಯುವ ಕೆಲಸ ದರ್ಜಿಗೆ ಸಿಕ್ಕಿದ್ದು ನಿಜ. ಸೇನೆಯ ವೈದ್ಯ ಒಬ್ಬನೇ, ಸಾಲು ಎರಡು ಬೀದಿ ಉದ್ದ. ಟೇಪು ಹಿಡಿಯಲು ಬಲ್ಲವರು ಬೇಕೆಂದಾಗ ದರ್ಜಿ ಕುತ್ತಿಗೆಗೆ ಟೇಪು ಹಾಕಿಕೊಂಡು, ಸೇನಾಪತಿಯೇ ಬಂದನೋ ಎಂಬಂತೆ ಬಂದು ನಿಂತ. ಅಂದು ಅವನ ಎದೆಯನ್ನು ಯಾರಾದರೂ ಅಳೆದಿದ್ದರೆ ನೂರಿಂಚು ಬರುತ್ತಿತ್ತು. ಒಂದೇ ಬೆಳಗ್ಗೆ ನಲವತ್ತೊಂದು ಜನರನ್ನು ಅಳೆದು ತನ್ನ ಅಳತೆ ಪುಸ್ತಕದಲ್ಲಿ ಬರೆದ. ವೈದ್ಯ ಅದನ್ನು ನೋಡಿ ಠಸ್ಸೆ ಒತ್ತುತ್ತ ಹೋದ, ಇಷ್ಟು ಗಟ್ಟಿ ಎದೆಯ ಬೀದಿಯನ್ನು ತಾನು ನೋಡೇ ಇಲ್ಲ ಎಂದ. ಬಾಮೈದನೂ ಪಾಸಾದ. ನಿಯಮ ಸಡಿಲಿಸಿರಬೇಕು ಎಂದುಕೊಂಡ ದರ್ಜಿ, ಹೆಂಡತಿಗೂ ಹಾಗೆಯೇ ಹೇಳಿ, ಬೆನ್ನು ತಟ್ಟಿಸಿಕೊಳ್ಳುವ ಗಡಿಬಿಡಿಯಲ್ಲಿ ಅದನ್ನು ಮರೆತ.

ನೆನಪಾದದ್ದು ರೈಲು ನಿಲ್ದಾಣದಲ್ಲಿ. ಹೆಂಡತಿ ಅಲ್ಲಿಗೆ ಬಂದಿರಲಿಲ್ಲ, ತಾನು ಅಳುವುದನ್ನು ತಮ್ಮ ನೋಡಬಾರದೆಂದು ಮನೆಯಲ್ಲೇ ಉಳಿದಿದ್ದಳು. ದರ್ಜಿಯ ಪುಸ್ತಕದ ಲೆಕ್ಕಕ್ಕೆ ದೂರದ ಕಾರ್ಖಾನೆಯಲ್ಲಿ ಹೊಲಿದ ಸಮವಸ್ತ್ರಗಳನ್ನು ಅಲ್ಲೇ ಹಂಚಿದರು. ಹಾಕಿಕೊಂಡವರೆಲ್ಲ ಒಗೆದು ಹಗ್ಗಕ್ಕೆ ಹಾಕಿದ ಬಟ್ಟೆಗಳ ಹಾಗೆ ಗಾಳಿಗೆ ಉಬ್ಬಿದರು. ಬಾಮೈದನ ಅಂಗಿಯೊಳಗೆ ಇನ್ನೊಬ್ಬ ಬಾಮೈದನಿಗೆ ಜಾಗವಿತ್ತು.

ದರ್ಜಿಗೆ ಆಗ ಹೊಳೆಯಿತು. ಮೂವತ್ತು ವರ್ಷದ ರೂಢಿಯದು: ಅವನು ಎಂದೂ ಮೈಯಳತೆ ಬರೆದವನಲ್ಲ. ಟೇಪು ಹೇಳಿದ್ದಕ್ಕೆ ಉಸಿರಾಡಲು ಮೂರಿಂಚು ಸೇರಿಸಿ, ಅಂಗಿಯಳತೆಯನ್ನೇ ಬರೆಯುತ್ತಿದ್ದ. ಆ ಬೆಳಗ್ಗೆಯೂ ಕೈ ತನ್ನಷ್ಟಕ್ಕೆ ಅದನ್ನೇ ಮಾಡಿತ್ತು. ವೈದ್ಯನೂ ಕಾರ್ಖಾನೆಯವರೂ ಅದನ್ನೇ ಮೈಯಳತೆಯೆಂದು ತಿಳಿದಿದ್ದರು, ಕಾರ್ಖಾನೆಯವರು ಅದರ ಮೇಲೆ ತಮ್ಮ ಮೂರಿಂಚನ್ನೂ ಸೇರಿಸಿದ್ದರು.

"ಭಾವ, ಸ್ವಲ್ಪ ಲೂಸಾಯ್ತಲ್ಲ?" ಎಂದ ಬಾಮೈದ.

ವೈದ್ಯ ಹತ್ತು ಹೆಜ್ಜೆ ದೂರದಲ್ಲೇ ಇದ್ದ. ಒಂದು ಮಾತು ಸಾಕಿತ್ತು. ಆದರೆ ಆಗಷ್ಟೇ ದರ್ಜಿಯ ಕೊರಳಿಗೆ ಹಾರ ಬಿದ್ದಿತ್ತು, ಎದುರಿಗೆ ಊರೆಲ್ಲ ನೆರೆದಿತ್ತು. "ಸೈನ್ಯದ ಊಟ ತಿಂದ್ರೆ ತುಂಬ್ಕೋತೀಯ ಬಿಡು," ಎಂದುಬಿಟ್ಟ.

ಗುಂಡಿ ಸಡಿಲವಾಯಿತು, ಉದುರಿತು, ಯುದ್ಧ ಮುಗಿಯಲಿಲ್ಲ. ಮೂರನೆಯ ವರ್ಷಕ್ಕೆ ಊರು ಗುರುತು ಸಿಗದಂತಾಗಿತ್ತು. ಟ್ರಾಮು ಓಡಿಸುತ್ತಿದ್ದವಳು ಶಾಲೆಯ ಟೀಚರು. ಉದ್ಯಾನದ ಕಬ್ಬಿಣದ ಬೇಲಿಯನ್ನು ಕರಗಿಸಿ ಗುಂಡು ಮಾಡಿದ್ದರು, ಹೂವಿನ ಮಡಿಗಳಲ್ಲಿ ಆಲೂಗಡ್ಡೆ ಬೆಳೆದಿತ್ತು. ಅಜ್ಜ ಶತ್ರು ದೇಶದಿಂದ ಬಂದವನೆಂಬ ಕಾರಣಕ್ಕೆ ಕ್ಷೌರಿಕನ ಕನ್ನಡಿ ಒಡೆದಿದ್ದರು. ಮೂವತ್ತು ವರ್ಷ ಇದೇ ಜನ ಅವನ ಕತ್ತಿಗೆ ಕೊರಳು ಕೊಟ್ಟು ಕಣ್ಣು ಮುಚ್ಚಿ ಕೂತಿದ್ದರು. ದರ್ಜಿಯ ಹೆಂಡತಿ ಗುಂಡುಮದ್ದಿನ ಕಾರ್ಖಾನೆ ಸೇರಿದ್ದಳು, ಆ ಪುಡಿಗೆ ಅವಳ ಬೆರಳುಗಳು ಹಳದಿಯಾಗಿದ್ದವು. ದರ್ಜಿಯ ಯಂತ್ರ ಓಡುತ್ತಲೇ ಇತ್ತು. ನಿಂತದ್ದು ಬಾಯಿ. ಊರಿನ ಹುಡುಗರು ಸತ್ತ ದುಃಖಕ್ಕೆ ಎಂದುಕೊಂಡರು ಜನ. ಅದಕ್ಕೂ ಅವನಿಗೆ ನಾಚಿಕೆಯಾಗುತ್ತಿತ್ತು.

ಬಾಮೈದ ಸತ್ತನೆಂಬ ಕಾಗದ, ಜೊತೆಗೆ ಅವನ ಅಂಗಿಯ ಪಾರ್ಸೆಲ್ಲು, ಒಂದೇ ದಿನ ಬಂದವು. ಹೆಂಡತಿ ಅತ್ತಳು. ಅತ್ತು ಮುಗಿಸಿ ಅಂಗಿಯನ್ನು ಕತ್ತರಿಸುವ ಮೇಜಿನ ಮೇಲೆ ಹರಡಿದಳು. ಅವಳ ಕೈಯೂ ಕಸುಬಿನ ಕೈಯೇ, ತಾನಾಗಿ ಟೇಪಿಗೆ ಹೋಯಿತು. ಎರಡು ಸಲ ಅಳೆದಳು.

"ರೀ, ಮೂವತ್ತಾರಿದೆ. ಇದು ನನ್ನ ತಮ್ಮಂದಲ್ಲ. ಯಾರದೋ ಅಂಗಿ ಕಳಿಸಿದಾರೆ, ಯಾರೋ ಸತ್ತಿದಾರೆ. ಅವನಿದಾನೆ."

ದರ್ಜಿ ಸೂಜಿಗೆ ದಾರ ಪೋಣಿಸುತ್ತಿದ್ದ. ಸಂಜೆಯವರೆಗೂ ಪೋಣಿಸುತ್ತಲೇ ಇದ್ದ.

ಮರುದಿನ ಬೆಳಗ್ಗೆ ಅಂಗಡಿಯಲ್ಲಿ, ಮೊದಲೇ ಇಂಥ ಕಾಗದ ಬಂದಿದ್ದ ಮನೆಗಳ ಏಳು ಹೆಂಗಸರಿದ್ದರು. ಅವಳು ಬೀದಿಗೆಲ್ಲ ಹೇಳಿದ್ದಳು, ಅವರೂ ಪೆಟ್ಟಿಗೆಯಿಂದ ಅಂಗಿಗಳನ್ನು ತೆಗೆದು ಅಳೆದಿದ್ದರು. ಒಂದೂ ಸರಿಹೋಗಿರಲಿಲ್ಲ. ಎಲ್ಲವೂ ದೊಡ್ಡವು. ಸರ್ಕಾರ ಅದಲುಬದಲು ಮಾಡಿದೆ, ನಮ್ಮವರು ಎಲ್ಲೋ ಇದ್ದಾರೆ ಎಂದು ಅರ್ಜಿ ಬರೆದೇ ತಂದಿದ್ದರು. ಬ್ರೆಡ್ಡಂಗಡಿಯವಳಂತೂ ಗಂಡ ಬಂದಾಗ ಹಾಕಲೆಂದು ಹೊಸ ಬಟ್ಟೆಯನ್ನೂ ಹಿಡಿದುಕೊಂಡಿದ್ದಳು. ಅವಳ ಮುಖದಲ್ಲಿ ಎರಡು ವರ್ಷದ ಮೇಲೆ ರಕ್ತ ಆಡುತ್ತಿತ್ತು.

"ಅಣ್ಣ, ಅವತ್ತು ಅಳೆದೋರು ನೀವೇ ತಾನೆ. ಪುಸ್ತಕ ತೋರಿಸಿ, ಕೆಳಗೊಂದು ಸಹಿ ಹಾಕಿ. ನಿಮ್ಮ ಮಾತಿಗೆ ಬೆಲೆ ಇದೆ," ಎಂದಳು.

ಪುಸ್ತಕ ತೆರೆದರೆ ಅದೂ ಅವರ ಪರವಾಗಿಯೇ ಹೇಳುತ್ತಿತ್ತು: ಬಾಮೈದನ ಹೆಸರಿನೆದುರು ಮೂವತ್ಮೂರು, ಅಂಗಿಯಲ್ಲಿ ಮೂವತ್ತಾರು. ಬಾಯಿ ಮುಚ್ಚಿಕೊಂಡು ಸಹಿ ಹಾಕಿದ್ದರೆ ದರ್ಜಿ ಸಾಯುವವರೆಗೂ ದೊಡ್ಡ ಮನುಷ್ಯನಾಗಿಯೇ ಇರುತ್ತಿದ್ದ. ಹೆಂಡತಿ ಲೇಖನಿಯನ್ನು ಅವನ ಕೈಗಿಟ್ಟಳು. ಅವಳ ಹಳದಿ ಬೆರಳು ಅವನ ಬೆರಳಿಗೆ ತಾಗಿತು.

"ಇದರಲ್ಲಿರೋದು ಮೈಯಳತೆ ಅಲ್ಲ," ಎಂದ ದರ್ಜಿ. "ಅಂಗಿಯಳತೆ. ಎಲ್ಲರಿಗೂ ಮೂರಿಂಚು ಲೂಸು ಸೇರಿಸಿಬಿಟ್ಟಿದೀನಿ. ಅಲ್ಲಿನವರು ಅದಕ್ಕೆ ಇನ್ನೂ ಮೂರು ಸೇರಿಸಿದ್ರು. ಈ ಅಂಗಿಗಳು ಅವರವೇ. ಸ್ಟೇಷನ್ನಲ್ಲಿ ಅವರ ಮೈಮೇಲೆ ನೋಡಿದೀನಿ."

ಬ್ರೆಡ್ಡಂಗಡಿಯವಳು ಹೊಸ ಬಟ್ಟೆಯನ್ನು ನಿಧಾನವಾಗಿ ಸುತ್ತತೊಡಗಿದಳು, ಅದು ಸುತ್ತಿ ಮುಗಿಯಲೇ ಇಲ್ಲ ಅನ್ನಿಸಿತು. ಒಬ್ಬೊಬ್ಬರೇ ತಮ್ಮ ಅಂಗಿ ಎತ್ತಿಕೊಂಡು ಹೋದರು. ಅರ್ಜಿ ಮೇಜಿನ ಮೇಲೆ ಉಳಿಯಿತು.

ಹೆಂಡತಿ ಮಾತ್ರ ನಿಂತಿದ್ದಳು. "ಅಂದ್ರೆ ಅವನು ಪಾಸೇ ಆಗ್ತಿರ್ಲಿಲ್ಲ."

"ಇಲ್ಲ."

"ನಿಮಗೆ ಸ್ಟೇಷನ್ನಲ್ಲೇ ಗೊತ್ತಾಯ್ತು."

"ಹೂಂ."

"ಆಮೇಲೆ ರೈಲು ಎಷ್ಟು ಹೊತ್ತು ನಿಂತಿತ್ತು?"

ಜೀವಮಾನವಿಡೀ ಒಂದನ್ನು ಹತ್ತು ಮಾಡಿ ಹೇಳಿದ ದರ್ಜಿ ಈ ಸಲ ಏನನ್ನೂ ಸೇರಿಸಲಿಲ್ಲ. "ಹನ್ನೊಂದು ನಿಮಿಷ."

"ಅಷ್ಟು ಹೊತ್ತು ಏನ್ ಮಾಡ್ತಿದ್ರಿ?"

"ಭಾಷಣ ಮಾಡ್ತಿದ್ದೆ."

ಅವಳು ತಮ್ಮನ ಅಂಗಿಯನ್ನು ಮಡಿಸಿ ಎದೆಗೊತ್ತಿಕೊಂಡಳು. ಕಾರ್ಖಾನೆಯ ಸೈರನ್ನು ಕೂಗಿತು, ಹೊರಟುಹೋದಳು.

ದರ್ಜಿ ಪುಸ್ತಕ ತೆರೆದ. ನಲವತ್ತೊಂದು ಹೆಸರುಗಳಿಂದಲೂ ಮೂರು ಮೂರು ಇಂಚು ಕಳೆಯುತ್ತ ಬಂದ. ಮೂವತ್ತೆರಡಕ್ಕಿಂತ ಕಡಿಮೆ ಬಂದವರು ಹತ್ತೊಂಬತ್ತು ಮಂದಿ, ಅಂಗಡಿಗೆ ಬಂದದ್ದು ಏಳೇ ಮನೆಯವರು. ಅವನು ಯಂತ್ರದ ಮೇಲೆ ಹೊದಿಕೆ ಹಾಕಿ, ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಬೀದಿಗಿಳಿದ. ಮೂಲೆಮನೆಯ ಮುದುಕಿ ಬಾಗಿಲಲ್ಲೇ ಕೂತಿದ್ದಳು. ಅವಳ ಮೊಮ್ಮಗನ ಎದೆ ಮೂವತ್ತೊಂದು. ಅವನು ಇನ್ನೂ ಅಲ್ಲೆಲ್ಲೋ ಬದುಕಿದ್ದ.

"ಬಾಪ್ಪ, ಕೂತ್ಕೋ," ಎಂದಳು ಅವಳು. "ಯುದ್ಧದ ಸುದ್ದಿ ಏನಾದ್ರೂ ಹೇಳು. ನಿನ್ನ ಹಾಗೆ ಹೇಳೋರೇ ಇಲ್ಲ ಈಗ."

ದರ್ಜಿ ಕೂರಲಿಲ್ಲ. ಮೊಮ್ಮಗನ ಪುಟ ತೆರೆದು, ನಿಂತೇ ಹೇಳಿದ.