ಕೊರಳ ಮೇಲಿನ ಕೈ

ಹಾಲವ್ವನ ಹೆಣದ ಕೊರಳ ಮೇಲಿಂದ ಶಿವಕುಮಾರಿಯ ಕೈಯನ್ನು ರಾಚವ್ವ ಮತ್ತೆ ಕಿತ್ತು ತೆಗೆದಳು.

“ಹೆತ್ತ ತಾಯಿ ಕುತಗಿ ಹಿಡಿಯಾಕ ಹತ್ಯಾಳಲ್ಲೋ ಧರ್ಮಣ್ಣ! ಮಂದಿ ನೋಡಿದ್ರ ಏನಂದಾರು?”

“ನೋಡಾಕ ಮಂದಿ ಎಲ್ಲಿ ಅದಾರ ಬೇ? ಎಲ್ಲಾರಿಗೂ ಡ್ಯೂಟಿ,” ಬಾಗಿಲಲ್ಲಿ ನಿಂತಿದ್ದ ನೆರೆಯ ಧರ್ಮಣ್ಣ ಅಂದ. “ಹೆಣದ ಗಾಡಿ ಬಂತು. ಲಗೂ ಹೂವ ಹಾಕ್ರಿ.”

ಧಾರಾವಿಯ ಆ ಖೋಲಿಯಲ್ಲಿ ಇದ್ದವರು ತಾಯಿ, ಮಗಳು ಇಬ್ಬರೇ. ಬೆಳಿಗ್ಗೆ ಹಾಲವ್ವ ಏಳಲಿಲ್ಲ. ಶಿವಕುಮಾರಿಗೆ ಹುಟ್ಟಿನಿಂದ ಕಿವಿ ಕೇಳದು, ಕಣ್ಣಿಗೆ ಬರೀ ನೆರಳು ಕಾಣುವುದು. ಅವ್ವ ಸತ್ತಳೆಂದು ಅವಳಿಗೆ ಹೇಳುವುದು ಹೇಗೆ? ಇಷ್ಟು ವರ್ಷ ಒಂದೇ ಗೋಡೆಯ ಆಚೆ ಬದುಕಿದ ರಾಚವ್ವನಿಗೂ ಗೊತ್ತಿರಲಿಲ್ಲ.

ಪಕ್ಕದ ಖೋಲಿಯ ಕಬ್ಬಿಣದ ಏಣಿಯ ಮೇಲೆ ರಾಚವ್ವನ ಸೊಸೆ ವೈಶಾಲಿ ಕೂತಿದ್ದಳು. ಬಸುರಿಯಾದವಳು ಹೆಣ ನೋಡಬಾರದೆಂದು ಅತ್ತೆ ಮೇಲೆ ಅಟ್ಟಿದ್ದಳು.

*

ಶಿವಕುಮಾರಿ ಹುಟ್ಟುವ ಮೊದಲಿನ ಮಾತು; ರಾಚವ್ವನ ಮಗ ಸಂತು ಆಗ ಕೂಸು. ಮೈತುಂಬ ಕೆಂಪು ಗಂದೆ.

“ಸಂತುಗ ದೇವಿ ಅವ್ವ ಬಂದಾಳವಾ, ಹಾಲವ್ವ. ಬಸುರಿ ಕೈಲೆ ಬೇವಿನ ನೀರು ಹಾಕಿಸಿದ್ರ ತಣ್ಣಗಾಗ್ತಾಳ. ನಿನ್ನ ಹೊಟ್ಟೀಗೂ ಚೊಲೋ,” ಎಂದು ರಾಚವ್ವ ಕರೆದಳು.

ಹೊಸ ಬಸುರಿ ಹಾಲವ್ವ ಸಂತುವನ್ನು ತೊಡೆಯ ಮೇಲೆ ಹಾಕಿಕೊಂಡು ಎರೆದಳು. ಮೂಗು ಒರೆಸಿದಳು, ಮುದ್ದಿಟ್ಟಳು. ಮುಂದೆ ತನ್ನ ಮೈಮೇಲೂ ಗಂದೆ ಎದ್ದಾಗ ದೇವಿಯ ಪ್ರಸಾದವೆಂದು ಕೈ ಮುಗಿದಳು.

ಹುಟ್ಟಿದ ಮಗುವಿನ ಬಿಳಿ ಪಾಪೆಗೆ ಟಾರ್ಚು ಹಿಡಿದು ಡಾಕ್ಟರು “ರುಬೆಲ್ಲಾ” ಅಂದರು; ಬಸುರಿಗೆ ತಾಗಿದರೆ ಹೊಟ್ಟೆಯ ಕೂಸಿನ ಕಣ್ಣು, ಕಿವಿ ಕೆಡಿಸುವ ಗಂದೆಯ ರೋಗ. ಗ್ರಹಣ ನೋಡಿದ ಪಾಪ ಎಂದು ಚಾಳಿಗೆಲ್ಲ ಹೇಳಿದವಳು ರಾಚವ್ವ. ಹಾಲವ್ವನ ಗಂಡ ಅದನ್ನೇ ನಂಬಿ ಊರಿಗೆ ಹೋದವನು ತಿರುಗಿ ಬರಲಿಲ್ಲ. ಹಾಲವ್ವ ಒಂದು ದಿನವೂ ಸಂತುವಿನ ಹೆಸರು ಎತ್ತಲಿಲ್ಲ.

*

ವೈಶಾಲಿ ಬಸುರಿಯೆಂದು ತಿಳಿದ ದಿನ ಹಾಲವ್ವ ರಾಚವ್ವನ ಬಾಗಿಲು ಬಡಿದಳು. “ರುಬೆಲ್ಲಾದ ರಕ್ತ ಪರೀಕ್ಷಾ ಮಾಡಿಸ್ರಿ.”

“ನಿನ್ನ ಅಪಶಕುನ ನನ್ನ ಹೊಸ್ತಿಲಕ್ಕ ತರಬ್ಯಾಡ,” ರಾಚವ್ವ ಬಾಗಿಲು ಹಾಕಿದಳು.

ಬಾಜಾರದ ನೆಪ ಹೇಳಿ ಹಾಲವ್ವ ವೈಶಾಲಿಯನ್ನು ಲ್ಯಾಬಿಗೆ ಕರೆದೊಯ್ದಳು.

“ಕಾಕು, ಪಾಸಿಟಿವ್ ಐತಂತ,” ವೈಶಾಲಿ ಹಾಲವ್ವನಿಗೆ ಹೇಳಿದಳು.

“ಅಯ್ಯೋ, ಕೂಸು!” ಎಂದು ಹಾಲವ್ವ ಅವಳ ಹೊಟ್ಟೆಯ ಮೇಲೆ ಕೈ ಇಟ್ಟಳು.

“ಅರೇ ಕಾಕು, ಅಚ್ಛಾ ಐತಿ ಅದು! ನನ್ನ ರಕ್ತದಾಗ ರುಬೆಲ್ಲಾ ತಡಿಯೂ ತಾಕತ್ ಮೊದಲ ಐತಂತ.”

ಮನೆಗೆ ಬಂದವಳೇ ಹಾಲವ್ವ ಶಿವಕುಮಾರಿಯ ಅಂಗೈಯನ್ನು ತನ್ನ ಕೊರಳಿಗೆ ಒತ್ತಿಕೊಂಡು, “ಕೂಸು ಉಳೀತು,” ಅಂದಳು. ಕೊರಳು ಅದುರಿತು. ಶಿವಕುಮಾರಿ ನಕ್ಕಳು. ತಾಯಿ ಮಗಳ ಮಾತು ಹೀಗೆ ಎಂದು ವೈಶಾಲಿ ಅಂದು ಕಂಡಳು.

*

ವೈಶಾಲಿ ಏಣಿ ಇಳಿದು ಒಳಗೆ ಬಂದಳು.

“ಏ, ಮ್ಯಾಲೇರು! ಹೊಟ್ಟ್ಯಾಗ ಕೂಸೈತಿ!”

“ಆ ಕೂಸಿನ ಚಿಂತಾ ಈ ಕಾಕುಗ ಇತ್ತು. ನೀವು ಬಾಗಿಲಾ ಹಾಕಿದ್ರಿ, ಅತ್ತಿ.”

ರಾಚವ್ವ ಹೆಣದ ಪಕ್ಕದಿಂದ ಸರಿದಳು. ವೈಶಾಲಿ ಶಿವಕುಮಾರಿಯ ಅಂಗೈಯನ್ನು ತನ್ನ ಕೊರಳಿಗೆ ಒತ್ತಿಕೊಂಡಳು.

“ಅವ್ವ ಹೋದ್ಳು.”

ಶಿವಕುಮಾರಿ ಕದಲಲಿಲ್ಲ.

“ಅವ್ವ ಹೋದ್ಳು, ದೀದಿ.”

ಶಿವಕುಮಾರಿ ಕೈ ಬಿಡಿಸಿಕೊಂಡಳು. ತಡಕಾಡಿ, ಹೆಣದ ಬಿಗಿದ ಕೈಯನ್ನೆತ್ತಿ ತನ್ನ ಕೊರಳ ಮೇಲೆ ಇಟ್ಟುಕೊಂಡು ಬಾಯಿ ತೆರೆದಳು. ಗಲ್ಲಿ ಎಂದೂ ಕೇಳಿರದ ದನಿ ಹೊರಟಿತು. ಹೊರಗೆ ಗಾಡಿಯವನು ಹಾರ್ನ್ ಹೊಡೆಯುತ್ತಲೇ ಇದ್ದ.