ಅಂಚಿಲ್ಲದ ತುಟಿ

ಅಪ್ಪನ ಮುಂದೆ ಚಿತ್ರಕ್ಕೆ ಕೂತವರು ತುಟಿ ಪಿಟಕ್ಕೆನ್ನುವಂತಿರಲಿಲ್ಲ. ಅಪ್ಪ ಜಲವರ್ಣದಲ್ಲಿ ಬರೆದ ವಕೀಲರು, ಹೆಡ್‌ಮಾಸ್ಟರರು, ಮದುವೆ ಗೊತ್ತಾದ ಹುಡುಗಿಯರು ಎಲ್ಲರೂ ಮುಂಕೋಣೆಯ ಗೋಡೆಯ ಮೇಲೆ ಬಾಯಿ ಬಿಗಿಹಿಡಿದು, ಹಲ್ಲಿನ ಡಾಕ್ಟರ ಬಳಿ ಸರದಿಗೆ ಕಾದವರಂತೆ ಇದ್ದಾರೆ. ಇವತ್ತು ಆ ಕುರ್ಚಿಯಲ್ಲಿ ಅಪ್ಪನೇ ಕೂತಿದ್ದರು. ಕೂತ ಗಳಿಗೆಯಿಂದ ಬಾಯಿ ಮುಚ್ಚಿರಲಿಲ್ಲ.

ಕುಂಚ ಮಗಳ ಕೈಯಲ್ಲಿತ್ತು. ನಾಳೆ ಬೆಳಿಗ್ಗೆ ಆಸ್ಪತ್ರೆಯಲ್ಲಿ ಅಪ್ಪನ ಗಂಟಲಿನ ಗಡ್ಡೆ ತೆಗೆಯುತ್ತಾರೆ. ಜೊತೆಗೆ ಧ್ವನಿಪೆಟ್ಟಿಗೆಯೂ ಹೋಗುತ್ತದೆ. ಜೀವಕ್ಕೆ ಭಯವಿಲ್ಲವಂತೆ. ಮುಖವೂ ಎಲ್ಲಿಗೂ ಹೋಗುವುದಿಲ್ಲ. ಆದರೆ ಮಾತಾಡುವ ಅಪ್ಪನನ್ನು ಕಾಗದಕ್ಕೆ ಇಳಿಸುವುದಾದರೆ ಇವತ್ತೇ ಇಳಿಸಬೇಕು. ಫೋನಿನಲ್ಲಿ ಧ್ವನಿ ಹಿಡಿಯಲು ಹೋದರೆ ಅವರು ಪೊಲೀಸರನ್ನು ಕಂಡ ಕಿಸೆಗಳ್ಳನಂತೆ ಗಪ್‌ಚಿಪ್ಪಾಗುತ್ತಿದ್ದರು. ಬಣ್ಣದ ತಟ್ಟೆ ಕಂಡರೆ ಮಾತ್ರ ನಾಲಿಗೆ ಸಡಿಲ.

"ಮೂಗು ಬರೀಬೇಡ ಕಣೇ, ಮೂಗಿನ ನೆರಳು ಬರಿ. ಮೂಗು ತಾನಾಗೇ ಬಂದು ಕೂರುತ್ತೆ."

"ನಿನ್ನ ಮೂಗು ಕರೀದೇನೇ ಬರುತ್ತಪ್ಪ, ಬಿಡು."

"ಹಣೆ ಮೇಲೆ ಬೆಳಕು ಬಿದ್ದಿದೆಯಲ್ಲ, ಅಲ್ಲಿ ಕಾಗದಾನ ಹಾಗೇ ಬಿಡು. ಆಮೇಲೆ ಬಿಳಿ ಬಳೀತೀನಿ ಅಂದ್ಯೋ, ಅಪ್ಪ ಹೋಗಿ ಸುಣ್ಣದ ಗೋಡೆ ಆಗ್ತಾನೆ."

ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ಅಮ್ಮ ಕೇಳುವಷ್ಟು ಕೇಳಿದರು. "ರೀ, ಗಂಟಲಿಗೆ ರೆಸ್ಟ್ ಕೊಡಿ ಅಂತ ಡಾಕ್ಟರು ಅಷ್ಟು ಹೇಳಿಲ್ವಾ?"

"ನಾಳೆಯಿಂದ ಪರ್ಮನೆಂಟ್ ರೆಸ್ಟೇ. ಇವತ್ತು ಓವರ್‌ಟೈಮ್."

ಅಮ್ಮ ನಗಲಿಲ್ಲ.

ಕೆನ್ನೆಗೆ ತೆಳು ಹಳದಿ, ಅದು ಆರುವ ಮೊದಲೇ ಅದರೊಳಗೆ ಚೂರು ಕೆಂಪು, ದವಡೆಯ ಕೆಳಗೆ ನೀಲಿ ಬೆರೆತ ಬೂದು. ಅಲ್ಲಿಯವರೆಗೆ ಎಲ್ಲವೂ ಅಪ್ಪ ಹೇಳಿದಂತೆಯೇ ನಡೆಯಿತು. ಬಾಯಿಯ ಹತ್ತಿರ ಬಂದು ಅವಳ ಕೈ ನಿಂತಿತು. ಕಲಿತ ಪಾಠವೇನೋ ಸುಲಭ: ಕೆನ್ನೆ ಪೂರ್ತಿ ಒಣಗಲಿ, ಆಮೇಲೆ ಕುಂಚದ ತುದಿಯಿಂದ ತುಟಿಗಳ ನಡುವೆ ಗೆರೆ ಎಳೆ. ಆದರೆ ಎದುರಿಗಿದ್ದ ಬಾಯಲ್ಲಿ ಗೆರೆಯೇ ಇರಲಿಲ್ಲ. ಪಕಾರಕ್ಕೋ ಮಕಾರಕ್ಕೋ ಒಂದು ಕ್ಷಣ ಕೂಡಿದ ತುಟಿಗಳು ಅಷ್ಟರಲ್ಲೇ ಬೇರೆಯಾಗುತ್ತಿದ್ದವು. ಗೆರೆ ಎಳೆದರೆ ಗೋಡೆಯ ಮೇಲಿನ ವಕೀಲರಿಗೆ ಇನ್ನೊಬ್ಬ ಜೊತೆಗಾರ, ಅಷ್ಟೇ.

ಅವಳು ಕುಂಚವನ್ನು ಕೆಂಪಿಗೆ ಅದ್ದಿದಳು.

"ಏ, ಕೆನ್ನೆ ಇನ್ನೂ ಹಸಿ ಇದೆ! ಈಗ ತುಟಿಗೆ ಕೈ ಹಾಕಿದ್ರೆ ಬಾಯಿ ಆಗಲ್ಲ, ಗಾಯ ಆಗುತ್ತೆ. ಹಾಕಿಬಿಟ್ಯಾ?"

"ಹಾಕಿಬಿಟ್ಟೆ."

ಅಪ್ಪ ಎದ್ದೇ ಬಂದರು. ಕೆಂಪು ಗದ್ದದ ಕಡೆಗೆ ಹರಿಯುತ್ತಿತ್ತು. ಹೆದರಿದ ಅವಳು ಒತ್ತಿ ತೆಗೆಯಲು ಬಟ್ಟೆ ಎತ್ತಿದಳು. ಅಪ್ಪ ಅವಳ ಮಣಿಕಟ್ಟು ಹಿಡಿದುಕೊಂಡರು.

"ಮುಟ್ಟಬೇಡ," ಎಂದರು, ಮಲಗಿದ ಮಗುವಿನ ಪಕ್ಕ ನಿಂತವರಷ್ಟು ಮೆಲ್ಲಗೆ. "ಇನ್ನು ನೀರಿನ ಕೆಲಸ."

ಅವಳು ಬಟ್ಟೆ ಬಿಟ್ಟು, ಕಾಗದ ಅಂಟಿಸಿದ್ದ ಹಲಗೆಯ ಕೆಳತುದಿಯನ್ನು ತುಸು ಎತ್ತಿ ಹಿಡಿದಳು. ಹರಿಯುತ್ತಿದ್ದ ಕೆಂಪು ಅನುಮಾನಿಸಿ ನಿಂತಿತು. ಹಿಂದಕ್ಕೆ ಸರಿಯಿತು. ಗಾಢವಾದದ್ದೆಲ್ಲ ತುಟಿಗಳ ನಡುವಿನ ಕತ್ತಲೆಯಲ್ಲಿ ತಂಗಿತು, ಉಳಿದದ್ದು ಕೆನ್ನೆಯೊಳಗೆ ಎಲ್ಲಿ ಕರಗಿತೆಂದು ಹೇಳುವಂತಿರಲಿಲ್ಲ. ಕಾಗದದ ಹೊಳಪು ಒಂದೊಂದೇ ಕಡೆ ಆರುತ್ತ ಬಂದಂತೆ ಕೆಳತುಟಿಯ ಮೇಲೆ ಒಂದು ಚೂರು ಬೆಳಕು ಮೂಡಿತು. ಅದಕ್ಕೆಂದು ಅವಳು ಕಾಗದ ಬಿಟ್ಟಿರಲಿಲ್ಲ. ಯಾರೂ ಬಿಟ್ಟಿರಲಿಲ್ಲ.

ಬಾಯಿ ಒಂದು ಮಾತಿಗೂ ಮುಂದಿನ ಮಾತಿಗೂ ನಡುವೆ ತೆರೆದಿತ್ತು. ಅವಳು ಕುಂಚ ತನ್ನ ಕೈಯಲ್ಲೇ ಇದೆಯೇ ಎಂದು ನೋಡಿಕೊಂಡಳು.

ಅಮ್ಮ ಹತ್ತಿರ ಬಂದರು. ಮೊದಲು ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ, ತಮಗೇ ಗೊತ್ತಿಲ್ಲದೆ, ಚಿತ್ರದ ಕಡೆಗೆ ಕಿವಿ ಕೊಟ್ಟರು.

"ಏನೋ ಹೇಳ್ತಿದ್ದಾರೆ ಕಣೇ," ಎಂದರು.

ಇನ್ನೂ ಒಂದು ರಾತ್ರಿಯಷ್ಟು ಮಾತು ಕೈಯಲ್ಲಿದ್ದ ಅಪ್ಪ, ಚಿತ್ರದಲ್ಲಿರುವವರು ಹೇಳಿ ಮುಗಿಸಲಿ ಎಂಬಂತೆ, ಸುಮ್ಮನೆ ನಿಂತಿದ್ದರು.