ಕೈ ಬೀಸದೆ ನಡೆಯುತ್ತಿದ್ದ ಬಲ್ಲಾಳರು

ಅಚ್ಯುತ ಬಲ್ಲಾಳರು ನಡೆಯುವಾಗ ಕೈ ಬೀಸುತ್ತಿರಲಿಲ್ಲ. ಆಲುವ ಸ್ಟೇಷನ್ನಿನ ಜನಜಂಗುಳಿಯಲ್ಲಿ ಎಲ್ಲರೂ ಮೊಣಕೈಯಿಂದಲೇ ದಾರಿ ಮಾಡಿಕೊಂಡು ನುಗ್ಗುವ ಹೊತ್ತಿನಲ್ಲೂ ಅವರ ಎರಡು ಕೈಗಳು ತೊಡೆಯ ಪಕ್ಕದಲ್ಲಿ ನಿಶ್ಚಲವಾಗಿ ಇಳಿಬಿದ್ದಿರುತ್ತಿದ್ದವು. ಹೆಜ್ಜೆಗಳು ಸಣ್ಣವು, ನೆಲ ಬಿಡಲು ಮನಸ್ಸಿಲ್ಲದವು. ಮುಖದಲ್ಲಿ ಹರ್ಷವೂ ಇಲ್ಲ, ಉದ್ವೇಗವೂ ಇಲ್ಲ. ತುಟಿಗಳು ಮಾತ್ರ ಬಾಯಲ್ಲಿಲ್ಲದ ಎಲೆಯಡಿಕೆಯನ್ನು ಸದಾ ಮೆಲ್ಲುತ್ತಿದ್ದವು. ಕೊಚ್ಚಿಯ ನಮ್ಮ ಕನ್ನಡ ಸಂಘದಲ್ಲಿ ಅವರಿಗೆ ‘ಸ್ಥಿತಪ್ರಜ್ಞ’ ಎಂಬ ಬಿರುದು ಕೊಟ್ಟವನು ನಾನೇ. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಬಲ್ಲಾಳರು ಹುಟ್ಟೂರಿನಿಂದ ಕುಂಬಳೆಯವರು, ಏಲೂರಿನ ಒಂದು ರಾಸಾಯನಿಕ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಬಾಟಲಿಯ ಮೇಲೆ ತಾರೀಕು ಕಾಣದಿದ್ದರೆ ಒಳಗಿರುವುದು ಬರೀ ನೀರಾದರೂ ಚೆಲ್ಲಿಸುತ್ತಿದ್ದರಂತೆ. ಕಾಗದಪತ್ರಗಳ ವಿಷಯದಲ್ಲಂತೂ ಮಹಾ ಜಾಗರೂಕರು. ರೇಷನ್ ಕಾರ್ಡು, ಮಗಳ ಅಂಕಪಟ್ಟಿ, ಕೊನೆಗೆ ಕರೆಂಟು ಮೀಟರಿನ ನಂಬರು ಗೀಚಿದ ಚೂರಿಗೂ ಲ್ಯಾಮಿನೇಷನ್ ಆಗಲೇಬೇಕು. “ಈ ಊರಿನ ಹವೆಗೆ ಕಾಗದ ಎರಡು ಮಳೆಗಾಲ ಬಾಳುವುದಿಲ್ಲ ಮಾರಾಯ್ರೆ” ಎನ್ನುತ್ತಿದ್ದರು.

೨೦೦೧ರಲ್ಲಿ ಹೆಂಡತಿ ಭವಾನಿ ತೀರಿಕೊಂಡಾಗ ಅವರ ನಿದ್ದೆಯೂ ಹೋಯಿತು. ಕೊಚ್ಚಿಯ ಒಬ್ಬ ವೈದ್ಯರು ಹದಿನೈದು ದಿನಕ್ಕೆಂದು ಒಂದು ಮಾತ್ರೆ ಬರೆದುಕೊಟ್ಟರು. ಇಲ್ಲದ ದನಿಗಳನ್ನು ಕೇಳುವ, ಇಲ್ಲದವರನ್ನು ಕಾಣುವ ರೋಗಿಗಳಿಗೆ ಕೊಡುವ ಮಾತ್ರೆ ಅದು. ನಿದ್ದೆ ಅದರ ಅಡ್ಡ ಪರಿಣಾಮವಷ್ಟೇ. ಬಲ್ಲಾಳರು ಆ ಚೀಟಿಗೂ ಲ್ಯಾಮಿನೇಷನ್ ಮಾಡಿಸಿದರು. ಅನಾಹುತವಾದದ್ದು ಅಲ್ಲೇ. ಔಷಧಿ ಕೊಟ್ಟಾಗಲೆಲ್ಲ ಅಂಗಡಿಯವರು ಚೀಟಿಯ ಬೆನ್ನಿಗೆ ಮೊಹರು ಒತ್ತುವುದುಂಟು; ಪ್ಲಾಸ್ಟಿಕ್ಕಿನ ಮೇಲೆ ಮೊಹರು ನಿಲ್ಲಲಿಲ್ಲ. ಪ್ರತಿ ಅಂಗಡಿಗೂ ಅದು ಹೊಸ ಚೀಟಿ. ಬಾಟಲಿಗಳ ತಾರೀಕು ನೋಡಿ ಬದುಕಿದ ಮನುಷ್ಯ ತನ್ನ ಚೀಟಿಯ ತಾರೀಕನ್ನು ಆರು ವರ್ಷ ನೋಡಲಿಲ್ಲ. ನಿದ್ದೆ ಕಡಿಮೆಯಾದಂತೆ ಒಂದು ಮಾತ್ರೆ ಎರಡಾಯಿತು, ಎರಡು ಮೂರಾಯಿತು.

ಮಗಳು ದಿಶಾ ತಿರುವನಂತಪುರದ ಐಟಿ ಪಾರ್ಕಿನಲ್ಲಿ ಕೆಲಸಕ್ಕಿದ್ದಳು. ತಾಯಿಯ ಹದಿಮೂರನೆಯ ದಿನ ಬಂದವರೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದಾಗ ಗೋಡೆಗೊರಗಿ ಗೊರಕೆ ಹೊಡೆದ ಅಪ್ಪನನ್ನು ಅವಳು ಕ್ಷಮಿಸಿರಲಿಲ್ಲ. “ಅಪ್ಪನಿಗೆ ಅಮ್ಮ ಬೇಕಾಗಿಯೇ ಇರಲಿಲ್ಲ ಅಂಕಲ್” ಎಂದು ಒಮ್ಮೆ ನನ್ನೊಡನೆ ಹೇಳಿದ್ದಳು. ಬಲ್ಲಾಳರು ತಿಂಗಳಿಗೊಮ್ಮೆ ರೈಲು ಹತ್ತಿ ಅವಳಲ್ಲಿಗೆ ಹೋಗಿ, ಎರಡು ದಿನ ಟೀವಿಯ ಮುಂದೆ ಕುಳಿತು, ಬಂದಷ್ಟೇ ಮೌನವಾಗಿ ಹಿಂದಿರುಗುತ್ತಿದ್ದರು. ತಂದೆ ಮಗಳ ನಡುವೆ ಉಳಿದದ್ದು ಇಷ್ಟೇ, ಇದೂ ಕಳಚುವ ಹಾಗಿತ್ತು.

೨೦೦೭ರಲ್ಲಿ ಅಲ್ಲಿದ್ದಾಗಲೇ ಮಾತ್ರೆ ಮುಗಿಯಿತು. ಮಗಳ ಮನೆಯ ಹತ್ತಿರ, ಕಳಕ್ಕೂಟ್ಟಂನ ಔಷಧಿ ಅಂಗಡಿಯಲ್ಲಿ ಆಯೇಷಾ ಎಂಬ, ಕುಂಬಳೆ ಕಡೆಯದೇ ಆದ ಉಪ್ಪಳದ ಹುಡುಗಿ ಚೀಟಿಯನ್ನು ಬೆಳಕಿಗೆ ಹಿಡಿದು ಓದಿದಳು.

“ಇದು ಆರು ವರ್ಷದ ಹಿಂದಿನದ್ದು ಅಂಕಲ್. ಹದಿನೈದೇ ದಿನಕ್ಕೆ ಬರೆದದ್ದು.”

“ನಿದ್ದೆಯದ್ದಲ್ಲವಾ, ಕೊಡು ಮಗಾ.”

“ನಿದ್ದೆಯದ್ದಲ್ಲ ಅಂಕಲ್, ತಲೆಯದ್ದು. ಡಾಕ್ಟರ್ರನ್ನು ನೋಡದೆ ಕೊಡ್ಲಿಕ್ಕಾಗುದಿಲ್ಲ. ಸುಮ್ನೆ ನಿಲ್ಲಿಸ್ಲೂ ಬಾರದು, ಇವತ್ತೇ ಹೋಗಿ.”

ಬಲ್ಲಾಳರಿಗೆ ಅಪಮಾನವಾಯಿತು. ಯಾರಿಗೂ ಹೇಳಲಿಲ್ಲ. ಮೂರು ದಿನ ವಾಕರಿಕೆ, ಬೆವರು. ಕುಳಿತಲ್ಲಿ ಕೂರಲಾರರು, ನಿಂತಲ್ಲಿ ನಿಲ್ಲಲಾರರು. ಕೊನೆಗೆ ದಿಶಾಳೇ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿನ ವೈದ್ಯೆ ಅವರನ್ನು ನಾಲ್ಕು ಹೆಜ್ಜೆ ನಡೆಸಿ ನೋಡಿದರು, ತುಟಿಗಳನ್ನು ನೋಡಿದರು, ಚೀಟಿಯನ್ನು ನೋಡಿದರು. ಬೀಸದ ಕೈ, ಎಳೆಯುವ ಹೆಜ್ಜೆ, ಮೆಲ್ಲುವ ತುಟಿ, ಕಲ್ಲಿನಂಥ ಮುಖ, ನಾವೆಲ್ಲ ಬಲ್ಲಾಳರ ಸ್ವಭಾವವೆಂದು ಮೆಚ್ಚಿಕೊಂಡದ್ದೆಲ್ಲ ಮಾತ್ರೆಯ ಕೆಲಸವಾಗಿತ್ತು. ಒಮ್ಮೆಲೇ ಬಿಡುವಂತಿಲ್ಲ, ಸ್ವಲ್ಪ ಸ್ವಲ್ಪವೇ ಇಳಿಸಬೇಕು, ತುಟಿ ಸರಿಹೋಗದೆಯೂ ಇರಬಹುದು ಎಂದರು ವೈದ್ಯೆ.

ಇಳಿಸಲು ಎಂಟು ತಿಂಗಳು ಹಿಡಿಯಿತು. ಅಷ್ಟೂ ಕಾಲ ಅವರು ಮಗಳ ಮನೆಯಲ್ಲೇ ಉಳಿದರು. ಒಂದು ಭಾನುವಾರ ಮಧ್ಯಾಹ್ನ ದಿಶಾ ಕಿಟಕಿಯ ಬಳಿ ತಲೆ ಬಾಚಿಕೊಳ್ಳುತ್ತಿದ್ದಳಂತೆ. ಪತ್ರಿಕೆ ಓದುತ್ತಿದ್ದ ಬಲ್ಲಾಳರು ತಲೆಯೆತ್ತಿ ಅವಳನ್ನೇ ನೋಡಿ, ಈಗಷ್ಟೇ ಫೋನು ಬಂದವರ ಹಾಗೆ ಹೇಳಿದರು:

“ಮಗಾ, ಅಮ್ಮ ಹೋದಳಲ್ಲ!”

ಆಮೇಲೆ ಸಂಜೆಯವರೆಗೂ ಅತ್ತರು. ಮಗಳು ಪಕ್ಕದಲ್ಲಿ ಕುಳಿತು, ತಾನು ಆರು ವರ್ಷ ಹಿಂದೆ ಒಬ್ಬಳೇ ಅತ್ತು ಮುಗಿಸಿದ್ದನ್ನು ಮತ್ತೊಮ್ಮೆ ಅತ್ತಳು.

ಯಾರಿಗೂ ಭಾರವಾಗಬಾರದೆಂದು ಬದುಕುವ ಇಂಥ ಸಜ್ಜನರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ದುಃಖ ಬಂದರೆ ಅವರು ನೆರೆಯವರ ಬಾಗಿಲು ತಟ್ಟುವುದಿಲ್ಲ, ಔಷಧಿ ಅಂಗಡಿಯ ಮುಂದೆ ಸಾಲಿನಲ್ಲಿ ನಿಲ್ಲುತ್ತಾರೆ. ಅವರು ತಟ್ಟಲಿಲ್ಲವಲ್ಲ ಎಂದು ನಾವು ನೆಮ್ಮದಿಯಾಗಿರುತ್ತೇವೆ. ಆ ನೆಮ್ಮದಿಗೆ ಅವರದೇ ಒಂದು ಗುಣದ ಹೆಸರಿಟ್ಟು ಹೊಗಳುತ್ತಲೂ ಇರುತ್ತೇವೆ.